ಗೋಥಮ್‌ಚೆಸ್ ನೋಡಿ ಕಾರೋ-ಕಾನ್ ಕಲಿಯುವ ಬಗೆ

ನ್ಯೂಯಾರ್ಕಿನ ಲೆವಿ ರೋಜ್‌ಮನ್ 2018ರಲ್ಲಿ ಚೆಸ್‌ನ ಇಂಟರ್‌ನ್ಯಾಷನಲ್ ಮಾಸ್ಟರ್ ಪದವಿ ಪಡೆದವರು. 2020ರ ಲಾಕ್‌ಡೌನ್ ಹೊತ್ತಿಗೆ ಅವರ ಗೋಥಮ್‌ಚೆಸ್ ಯೂಟ್ಯೂಬ್ ಚಾನೆಲ್ ಒಮ್ಮೆಲೇ ಮೇಲೆದ್ದಿತು. ಮಾತು ಚುರುಕು, ತಮಾಷೆ ಧಾರಾಳ. ತೊಂದರೆಯೂ ಅದೇ: ನೋಡುವಾಗ ಎಲ್ಲ ಅರ್ಥವಾದಂತಿರುತ್ತದೆ, ಆಡಲು ಕೂತರೆ ಕೈ ಓಡುವುದಿಲ್ಲ.

ಪಕ್ಕದಲ್ಲಿ ಬೋರ್ಡ್ ಜೋಡಿಸಿಕೊಂಡೇ ವಿಡಿಯೊ ಹಾಕಿ. ಪ್ರತಿ ನಡೆಗೂ ಮುನ್ನ ನಿಲ್ಲಿಸಿ, ನಿಮ್ಮ ನಡೆ ಬರೆದಿಟ್ಟು ಮುಂದೆ ಹೋಗಿ.

ಅವರು ಕಪ್ಪು ಕಾಯಿ ಆಡುವವರಿಗೆ ಹೇಳಿಕೊಡುವ ಕಾರೋ-ಕಾನ್ ಎಂಬ ಆರಂಭದ ನಡೆಗಳನ್ನೇ ನೋಡಿ. (ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು; ಕಾಯಿಯ ಹೆಸರಿಲ್ಲದಿದ್ದರೆ ಅದು ಪಾನ್, ಅಂದರೆ ಕಾಲಾಳಿನ ನಡೆ.) ಬಿಳಿ ಇ4, ನೀವು ಸಿ6. ಬಿಳಿ ಡಿ4, ನೀವು ಡಿ5. ಬಿಳಿ ಇ5ಕ್ಕೆ ನುಗ್ಗಿದರೆ ಮೊದಲು ಬಿಷಪ್ ಅನ್ನು ಎಫ್5ಕ್ಕೆ ತನ್ನಿ, ಆಮೇಲೆ ಇ6. ಕ್ರಮ ತಿರುಗಿಸಿದರೆ ಬಿಷಪ್ ನಿಮ್ಮದೇ ಪಾನ್‌ಗಳ ಹಿಂದೆ ಬಂದಿ.

ಆದರೆ ಇದನ್ನು ಬಾಯಿಪಾಠ ಮಾಡಿದವರೇ ಹೆಚ್ಚು ಸಿಕ್ಕಿಬೀಳುವುದು. ಬಿಷಪ್ ಎಫ್5ಕ್ಕೆ ಬಂದೊಡನೆ ಬಿಳಿ ಎಚ್4 ಆಡಿದರೆ ಇ6 ಬೇಡವೇ ಬೇಡ. ಆಡಿದಿರೋ, ಜಿ4 ಬರುತ್ತದೆ; ಬಿಷಪ್ ಜಿ6ಕ್ಕೆ ಹೋದರೆ ಎಚ್5, ಅಲ್ಲಿಂದ ಇ4ಕ್ಕೆ ಹಾರಿದರೆ ಎಫ್3. ಬಿಷಪ್ ಹೋಯಿತು! ಎಚ್4ಕ್ಕೆ ಎಚ್5 ಎಂದೇ ಉತ್ತರಿಸಿ.

ಕಲಿತದ್ದನ್ನು ಮೂರು ನಿಮಿಷದ ಬ್ಲಿಟ್ಜ್‌ನಲ್ಲಿ ಪರೀಕ್ಷಿಸಬೇಡಿ. ತಲಾ 15 ನಿಮಿಷ, ನಡೆಗೆ 10 ಸೆಕೆಂಡ್ ಸೇರುವ ಆಟ ಸಾಕು. ಮುಗಿದ ಮೇಲೆ ಎಡವಿದ್ದೆಲ್ಲಿ ಎಂದು ಮೊದಲು ನೀವೇ ಗುರುತಿಸಿ, ನಡೆಗಳನ್ನು ಲೆಕ್ಕಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಅಂದರೆ ಎಂಜಿನ್, ಆಮೇಲೆ.