ಸಿದ್ದೆಯ ಬಾಯಿ ಸವರಿದ ಕೈ: ಸಮೀಕ್ಷೆಯ ದಿನಗಳ ನನ್ನ ಅನುಭವ

"ಮನೆಯವರಿಗೆಲ್ಲ ದಿನಾ ಹೊಟ್ಟೆ ತುಂಬ ಊಟ ಸಿಗ್ತದಾ?" ಎಂದು ಜಗಲಿಯಲ್ಲಿ ಕೂತು ಕೇಳಿ ನೋಡಿ. ಕುಮಟಾ, ಅಂಕೋಲಾ ಕಡೆ ಇಲ್ಲ ಅನ್ನುವ ಮನೆ ಸಿಗುವುದು ಕಷ್ಟ. ಬಂದವರಿಗೆ ಬೆಲ್ಲ, ನೀರು ಕೊಟ್ಟವರು ಅದೇ ಬಾಯಲ್ಲಿ ನಮಗೇ ಉಣ್ಣಲಿಕ್ಕಿಲ್ಲ ಅಂತ ಹೇಗೆ ಹೇಳಿಯಾರು? ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ಅದು 2004ರ ಜುಲೈ. ಮನೆಮನೆಯ ಊಟ, ಖರ್ಚಿನ ಲೆಕ್ಕ ತೆಗೆಯುವ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 61ನೇ ಸುತ್ತು ಆಗಷ್ಟೇ ಶುರುವಾಗಿತ್ತು, ಮುಂದಿನ ವರ್ಷದ ಜೂನ್‌ವರೆಗೆ ನಡೆಯಬೇಕಿತ್ತು. ಆಯ್ಕೆಯಾದ ಊರಿನಲ್ಲಿ ಮೊದಲು ಮನೆಗಳ ಪಟ್ಟಿ ಮಾಡುವುದು, ಅದರಲ್ಲಿ ಆಯ್ದ ಮನೆಗಳಿಗೆ ಹೋಗಿ ಕಳೆದ 30 ದಿನ ಏನೇನು ತಿಂದಿರಿ, ಎಷ್ಟು, ಎಷ್ಟು ರೂಪಾಯಿಯದ್ದು ಎಂದು ಕೇಳುವುದು. ಅಕ್ಕಿಯಿಂದ ಹಿಡಿದು ವೀಳ್ಯದೆಲೆಯವರೆಗೆ. ಹಸಿವಿಗೆ ಸಂಬಂಧಿಸಿದ ನೇರ ಪ್ರಶ್ನೆ ಒಂದೇ ಒಂದು, ಅದೂ ಪ್ರಶ್ನಾವಳಿಯ ಮುಂಭಾಗದಲ್ಲೇ. ಉತ್ತರಕ್ಕೆ ಮೂರು ಸಂಕೇತ: ವರ್ಷದ ಎಲ್ಲ ತಿಂಗಳೂ ಸಿಗುತ್ತದೆ ಅಂದರೆ 1, ಕೆಲವು ತಿಂಗಳು ಮಾತ್ರ ಅಂದರೆ 2, ಯಾವ ತಿಂಗಳೂ ಇಲ್ಲ ಅಂದರೆ 3.

ಅಘನಾಶಿನಿ ದಂಡೆಯ ಒಂದು ಮನೆ. ಆರು ಜನ. ಗಂಡ ಬೋಟಿಗೆ ಹೋಗುವವನು, ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವ ಹಾಗಿಲ್ಲವಾದ್ದರಿಂದ ಜಗಲಿಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ. "ಸಿಕ್ತದೆ, ಎಂತಕ್ಕೆ ಸಿಗೂದಿಲ್ಲ?" ಅಂದ. ನಾನು 1 ಬರೆದೆ. ಪೆನ್ನು ಮುಂದಕ್ಕೆ ಹೋಯಿತು.

ಅಕ್ಕಿಯ ಲೆಕ್ಕಕ್ಕೆ ಬಂದಾಗ ಮಾತ್ರ ನಿಲ್ಲಬೇಕಾಯಿತು. ಕಿಲೋದಲ್ಲಿ ಕೇಳಿದರೆ ಅವನಿಗೆ ಗೊತ್ತಿಲ್ಲ. ಒಳಗಿಂದ ಹೆಂಡತಿ "ದಿನಕ್ಕೆ ಒಂದೂವರೆ ಸಿದ್ದೆ" ಅಂದಳು. ಸಿದ್ದೆ ಅಂದರೆ ಅಕ್ಕಿ ಅಳೆಯುವ ಪಾತ್ರೆ, ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ, ಹಾಗಾಗಿ ಚೀಲದಲ್ಲಿ ಒಂದು ಸಣ್ಣ ತಕ್ಕಡಿ ಇಟ್ಟುಕೊಳ್ಳುತ್ತಿದ್ದೆ. ಅಳೆದು ತೋರಿಸು ತಂಗಿ ಅಂದೆ. ಅವಳು ಸಿದ್ದೆ ತುಂಬ ಅಕ್ಕಿ ತೆಗೆದು, ಬಾಯಿಗೆ ಅಂಗೈ ಇಟ್ಟು ಸರಕ್ಕನೆ ಸವರಿ, ರಾಶಿ ನಿಂತಿದ್ದ ಅಕ್ಕಿಯನ್ನು ಡಬ್ಬಿಗೆ ವಾಪಸು ಬೀಳಿಸಿದಳು. ಕೈಯ ಅಭ್ಯಾಸ ನೋಡಿದರೆ ದಿನಾ ಹಾಗೇ ಮಾಡುವವಳು. ತೂಗಿದರೆ 850 ಗ್ರಾಂ.

"ಯಾವಾಗ್ಲೂ ಹೀಂಗೇ ಅಳೀತ್ಯಾ?"

"ಇಲ್ಲ ಅಕ್ಕೋರೆ, ದೀಪಾವಳಿ ಮೇಲೆ ರಾಶಿ ಸಿದ್ದೆ. ಈಗ ಸವರೂದು."

(ಕಾಗದ ಹಿಡಿದು ಬಂದ ಹೆಂಗಸು ಅಂದರೆ ನಮ್ಮ ಕಡೆ ಶಾಲೆಯ ಅಕ್ಕೋರೇ. ತಿದ್ದಲು ಹೋಗುತ್ತಿರಲಿಲ್ಲ, ಆ ಹೆಸರಿಗೆ ಬಾಗಿಲು ಬೇಗ ತೆರೆಯುತ್ತಿತ್ತು.)

ಒಂದೂವರೆ ಸಿದ್ದೆ ಅಂದರೆ ತಿಂಗಳಿಗೆ ಸುಮಾರು 38 ಕಿಲೋ. ಆರು ಜನಕ್ಕೆ ಹಂಚಿದರೆ ತಲೆಗೆ ಆರೂಕಾಲು ಕಿಲೋ ಚಿಲ್ಲರೆ. ಅದೇ ಸುತ್ತಿನಲ್ಲಿ ದೇಶದ ಹಳ್ಳಿಗಳ ಸರಾಸರಿ ತಿಂಗಳಿಗೆ ತಲೆಗೆ 12.1 ಕಿಲೋ ಧಾನ್ಯ ಎಂದು ಆಮೇಲೆ ವರದಿಯಲ್ಲಿ ಓದಿದೆ. ಇವರ ಮನೆಗೆ ಗೋಧಿ, ರಾಗಿ ಯಾವುದೂ ಬರುತ್ತಿರಲಿಲ್ಲ. ಹಿನ್ನೀರಿನ ಬಳಚು, ಅಂದರೆ ಚಿಪ್ಪುಮೀನು, ಇದೆಯಲ್ಲ ಅನ್ನಬಹುದು. ದುಡ್ಡಿಲ್ಲದೆ ಹೆಕ್ಕಿ ತಂದದ್ದಕ್ಕೂ ಪ್ರಶ್ನಾವಳಿಯಲ್ಲಿ ಬೇರೆ ಸಂಕೇತವಿತ್ತು, ಪೇಟೆ ದರ ಕಟ್ಟಿ ಬರೆಯಬೇಕು. ಆದರೆ ಜುಲೈಯ ಕೆಂಪು ನೀರಿನಲ್ಲಿ ಬಳಚು ಹೆಕ್ಕುವವರು ಯಾರು?

ನಾಲ್ಕನೇ ಇಯತ್ತೆಯ ಹುಡುಗನ ಊಟದ ಲೆಕ್ಕ ಇನ್ನೊಂದು ಕಥೆ. ಮನೆಯ ಪ್ರತಿಯೊಬ್ಬರೂ 30 ದಿನದಲ್ಲಿ ಮನೆಯಲ್ಲಿ ಎಷ್ಟು ಊಟ, ಶಾಲೆಯಲ್ಲಿ ಪುಕ್ಕಟೆ ಎಷ್ಟು, ಕೆಲಸದ ಕಡೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಯಬೇಕು. ಅಕ್ಷರ ದಾಸೋಹದ ಬಿಸಿಯೂಟ ಬಂದ ಹೊಸತು. ನಾನು ಶಾಲೆಯ ದಿನ ಎಣಿಸಿ 24 ಅಂತ ಹಾಕಲು ಹೊರಟಿದ್ದೆ. ಹುಡುಗನೇ ತಡೆದ. ಮಳೆ ರಜೆ ಐದು ದಿನ ಅಂದ. ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ ಊರ ಮಕ್ಕಳೆಲ್ಲ ಕುಣಿಯುತ್ತವೆ. ಇವನು ಮಾತ್ರ ಬೆರಳು ಮಡಿಸಿ ಎಣಿಸಿ ಇಟ್ಟುಕೊಂಡಿದ್ದ.

ಹೊರಡುವಾಗ ಹಿತ್ತಲ ಬಾವಿಕಟ್ಟೆಯ ಹತ್ತಿರ ಅವಳೊಬ್ಬಳೇ ಸಿಕ್ಕಳು. ಆಷಾಢದಲ್ಲಿ ಹ್ಯಾಂಗೆ ಅಂತ ಮಾತ್ರ ಕೇಳಿದೆ. "ಗಂಡಸ್ರಿಗೆ, ಮಕ್ಕಳಿಗೆ ಕಮ್ಮಿ ಮಾಡೂದಿಲ್ಲ. ನಂಗೆ ಗಂಜಿ ತೆಳಿ ಸಾಕಾಗ್ತದೆ" ಅಂದಳು. ಬಸ್ಸಿನಲ್ಲಿ ಕೂತು 1 ಹೊಡೆದುಹಾಕಿ 2 ಬರೆದೆ, ತಿಂಗಳೂ ಬರೆದೆ.

ಪರಿಶೀಲನೆಯಲ್ಲಿ ಮೇಲಿನವರು ಹಿಡಿದರು. ಉತ್ತರ ಕೊಟ್ಟವನು ಮನೆಯ ಯಜಮಾನ, ನೀವು ತಿದ್ದಿದ್ದು ಯಾಕೆ? ಅವರು ಹೇಳಿದ್ದರಲ್ಲಿ ನ್ಯಾಯವೂ ಇತ್ತು. ಆ ಪ್ರಶ್ನೆ ಅಳೆಯುವುದು ಮನೆಯವರ ಅನಿಸಿಕೆಯನ್ನು, ನನ್ನ ಅನಿಸಿಕೆಯನ್ನಲ್ಲ. ಮರಳಿ ಹೋಗಿ ಕೇಳಿ ಬನ್ನಿ ಅಂದರು. ಹೋದೆ. ಎಲ್ಲರ ಎದುರೇ ಕೇಳಿದೆ, ಅದೇ ನಾನು ಮಾಡಿದ ತಪ್ಪು. ಗಂಡ "ಆವತ್ತೇ ಹೇಳಿದೆನಲ್ರಾ" ಅಂದ. ಅವಳು ತಲೆ ಎತ್ತಲಿಲ್ಲ. ಮತ್ತೆ 1 ಬರೆದುಕೊಂಡು ಬಂದೆ. ಒಂದೇ ಪ್ರಶ್ನಾವಳಿಯ ಮುಂಭಾಗದ ಪುಟದಲ್ಲಿ ವರ್ಷವಿಡೀ ಹೊಟ್ಟೆ ತುಂಬ ಊಟ, ಒಳಗಿನ ಪುಟದಲ್ಲಿ ಆರೂಕಾಲು ಕಿಲೋ ಅಕ್ಕಿ.

ಆ ಸುತ್ತಿನ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ ವರ್ಷವಿಡೀ ದಿನಾ ಸಾಕಷ್ಟು ಊಟ ಸಿಗುವ ಮನೆಗಳು ಶೇ 97.4. ಹಿಂದೆ 1993-94ರಲ್ಲಿ ಅದು ಶೇ 94.5 ಇತ್ತು. ಏರಿಕೆ ಸುಳ್ಳು ಎನ್ನಲಾರೆ; ನಮ್ಮ ಊರುಗಳಲ್ಲೇ ಕಣ್ಣಿಗೆ ಕಾಣುವಷ್ಟು ಬದಲಾಗಿತ್ತು. ಆದರೆ ಆ 97.4ರೊಳಗೆ ಬಾವಿಕಟ್ಟೆಯ ಆ ಮಾತು ಸೇರಿಲ್ಲ ಎಂಬುದು ನನಗೆ ಗೊತ್ತು.

ಆಮೇಲೆ ನನ್ನ ಪದ್ಧತಿ ಬದಲಿಸಿಕೊಂಡೆ. ಆ ಪ್ರಶ್ನೆಯ ಜಾಗ ಖಾಲಿ ಬಿಟ್ಟು ಅಕ್ಕಿ, ಮೀನು, ತೆಂಗಿನಕಾಯಿ ಎಲ್ಲ ಮುಗಿದ ಮೇಲೆ ಕೊನೆಗೆ ಕೇಳುವುದು. ಅಷ್ಟು ಹೊತ್ತಿಗೆ ಅವರೇ ತಮ್ಮ ಲೆಕ್ಕ ಕೇಳಿಸಿಕೊಂಡಿರುತ್ತಾರೆ. ಗಂಡಸರು ಎದ್ದು ಹೋಗುವವರೆಗೆ ತಾಂಬೂಲದ ಲೆಕ್ಕ ಎಳೆಯುವುದು, ಇದರಲ್ಲಂತೂ ಪಳಗಿಬಿಟ್ಟೆ. "ವರ್ಷದಲ್ಲಿ" ಎನ್ನದೆ ಆಷಾಢದಲ್ಲಿ, ಚೌತಿ ಹೊತ್ತಿಗೆ, ದೀಪಾವಳಿ ಮೇಲೆ ಎಂದು ಕೇಳುವುದು. ಅಡುಗೆ ಮಾಡುವವಳನ್ನೇ ಉತ್ತರ ಕೊಡುವವಳಾಗಿ ಮೊದಲೇ ಬರೆದುಕೊಳ್ಳುವುದು. ಆಗ ಯಾರೂ ತಕರಾರು ತೆಗೆಯುವಂತಿಲ್ಲ. ಆ ವರ್ಷ ನನ್ನ ಹಾಳೆಗಳಲ್ಲಿ 2 ಅಲ್ಲಲ್ಲಿ ಕಾಣತೊಡಗಿತು.

2017ರ ಜುಲೈನಲ್ಲಿ ಗೋಕರ್ಣದ ಹತ್ತಿರ ಮುಕ್ರಿ ಸಮುದಾಯದ ಮೂವರು ಅಣ್ಣತಮ್ಮಂದಿರು ಎರಡು ವಾರದೊಳಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಆಧಾರ್ ಜೋಡಣೆಯಾಗದೆ ಪಡಿತರ ನಿಂತಿತ್ತು, ಇದು ಹಸಿವಿನ ಸಾವು ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ತಂಡ ಹೇಳಿತು. ಕುಡಿತ ಕಾರಣ ಎಂದು ಆಡಳಿತ ಹೇಳಿತು. ಸುದ್ದಿ ಓದುವಾಗ ನನಗೆ ತಟ್ಟಿದ್ದು ತಿಂಗಳು: ಮತ್ತೆ ಆಷಾಢ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈಗ ಬಳಸುವ ಎಂಟು ಪ್ರಶ್ನೆಗಳ ಮಾಪಕ ನೋಡಿದಾಗ, ನಾನು ಗುದ್ದಾಡಿ ಕಲಿತದ್ದನ್ನು ಯಾರೋ ನೆಟ್ಟಗೆ ಜೋಡಿಸಿಟ್ಟ ಹಾಗೆ ಕಂಡಿತು. ಊಟ ಸಾಲದೇನೋ ಎಂಬ ಚಿಂತೆಯಿಂದ ಶುರು. ಆಮೇಲೆ ತಿನ್ನುವ ಬಗೆ ಕಡಿಮೆಯಾಯಿತೇ, ಒಂದು ಹೊತ್ತು ಬಿಟ್ಟಿರೇ ಎಂದು ಮೆಟ್ಟಿಲಿಳಿದು, ಕೊನೆಗೆ ಇಡೀ ದಿನ ಉಪವಾಸವೇ ಎಂಬಲ್ಲಿಗೆ ಬರುತ್ತದೆ. ದುಡ್ಡಿಲ್ಲದ ಕಾರಣಕ್ಕೆ ಎಂಬ ಮಾತು ಪ್ರತಿ ಪ್ರಶ್ನೆಯಲ್ಲೂ ಇದೆ. ಸೋಮವಾರದ ಒಪ್ಪೊತ್ತು, ಏಕಾದಶಿ ಲೆಕ್ಕಕ್ಕೆ ಬರಬಾರದಲ್ಲ. ಅಮೆರಿಕದವರು 1995ರಿಂದ ಇಂಥದ್ದೇ 18 ಪ್ರಶ್ನೆ ಕೇಳುತ್ತ ಬಂದವರು, 2025ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸುವುದಾಗಿ ಹೇಳಿದರು. ಕೇಳದಿದ್ದರೆ ತಾಪತ್ರಯವೇ ಇಲ್ಲ.

2022-23ರ ಬಳಕೆ ವೆಚ್ಚ ಸಮೀಕ್ಷೆಯ ಹೊತ್ತಿಗೆ ಗುತ್ತಿಗೆಯ ಹುಡುಗನೊಬ್ಬ ನಮ್ಮ ಮನೆ ಮಹಡಿಯಲ್ಲಿ ಬಾಡಿಗೆಗಿದ್ದ. ಕಾಗದ ಹೋಗಿ ಟ್ಯಾಬ್ ಬಂದಿತ್ತು. ಒಂದೇ ಮನೆಗೆ ಮೂರು ಸಲ ಹೋಗಬೇಕು, ಮೀನು ತರಕಾರಿಗೆ 7 ದಿನದ ನೆನಪು, ಅಕ್ಕಿ ಬೇಳೆಗೆ 30 ದಿನದ್ದು. ಹೊಟ್ಟೆ ತುಂಬ ಊಟದ ಆ ಪ್ರಶ್ನೆ ಅದರಲ್ಲಿ ಇರಲಿಲ್ಲ, ಊಟದ ಎಣಿಕೆ ಇತ್ತು. ಕೆಲಸ ಶುರುವಾಗುವ ಮೊದಲು ಕೈ ಕುದುರಲಿ ಎಂದು ನಮ್ಮ ಮನೆಯದೇ ಲೆಕ್ಕ ತುಂಬಿ ತೋರಿಸಿದ. ಎಲ್ಲ ಅಚ್ಚುಕಟ್ಟು. ನನ್ನ ಹೆಸರಿನ ಮುಂದೆ ದಿನಕ್ಕೆ 3, ತಿಂಗಳಿಗೆ 90.

"ಸಕ್ಕರೆ ಕಾಯಿಲೆ ಬಂದಾಗಿಂದ ನಾನು ರಾತ್ರಿ ಉಣ್ಣೂದಿಲ್ವೋ. 60 ಮಾಡು" ಅಂದೆ.

ಅವನು ಟ್ಯಾಬ್ ಕೆಳಗಿಟ್ಟು ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರ ಕಡೆ ನೋಡಿದ. "ಸರ್ 3 ಅಂತ ಹೇಳಿದ್ರು, ಮೇಡಂ."