ಬಿದಿರು ಗಡಿ ದಾಟುವ ಮುನ್ನ

ಚಿಕ್ಕಮಗಳೂರಿನ ಹೊಸ ಬಡಾವಣೆಯಲ್ಲಿ ಪರಿಚಿತರೊಬ್ಬರ ಗೃಹಪ್ರವೇಶವಾಗಿ ಎರಡು ವರ್ಷ ಕಳೆದಿರಲಿಲ್ಲ. ಪಕ್ಕದವರು ಮರೆಗೆಂದು ನೆಟ್ಟಿದ್ದ ಗೋಲ್ಡನ್ ಬಿದಿರು ಕಾಂಪೌಂಡಿನಡಿ ನುಸುಳಿ, ಅಂಗಳದ ಎರಡು ಟೈಲ್‌ಗಳ ಸಂದಿಯಲ್ಲಿ ತಲೆ ಎತ್ತಿತ್ತು. ಬೆರಳು ದಪ್ಪದ ಕಳಲೆ; ಪಲ್ಯಕ್ಕೂ ಸಾಲದು.

ಇದಕ್ಕೆ ಮದ್ದು ನೆಲದಡಿಯ ಬೇರುತಡೆ, ಎಂದರೆ ಗಡಿಯುದ್ದಕ್ಕೂ ಹೂಳುವ ಗಟ್ಟಿ ಪ್ಲಾಸ್ಟಿಕ್ ಹಾಳೆ. ಆದರೆ ಹಾಳೆ ಕೊಳ್ಳುವ ಮೊದಲು ಗಿಡ ಹಬ್ಬುವ ಬಗೆ ನೋಡಿ. ಲಂಟಾನ ಹಕ್ಕಿಯ ಹಿಕ್ಕೆಯಲ್ಲಿ ಬರುತ್ತದೆ, ಪಾರ್ಥೇನಿಯಂ ಗಾಳಿಯಲ್ಲೂ ತುಂಬುಮಣ್ಣಿನ ಲಾರಿಯಲ್ಲೂ ಬರುತ್ತದೆ. ಇವಕ್ಕೆ ನೆಲದಡಿ ತಡೆ ಹಾಕಿದರೆ ದುಡ್ಡು ದಂಡ. ಹೂ ಬಿಡುವ ಮೊದಲೇ ಕೀಳಬೇಕು. ನಮ್ಮ ಕಾಡುಬಿದಿರು ಮೆಳೆ ಕಟ್ಟಿ ಒಂದೇ ಕಡೆ ಕೂರುತ್ತದೆ. ಹಸಿರು ಗೆರೆಯ ದಪ್ಪ ಹಳದಿ ಬಿದಿರೂ ಅಷ್ಟೇ. ಅದಕ್ಕೂ ‘ಗೋಲ್ಡನ್’ ಎನ್ನುವುದುಂಟು, ಹೆಸರನ್ನು ನಂಬಬೇಡಿ. ಕಾಂಡ ತೆಳ್ಳಗಿದ್ದು, ಬುಡದ ಗೆಣ್ಣುಗಳು ಒತ್ತೊತ್ತಾಗಿದ್ದು, ಮಾರು ದೂರದಲ್ಲಿ ಒಂಟಿ ಕಳಲೆ ಎದ್ದರೆ ಅದು ನೆಲದಡಿ ಓಡುವ ಜಾತಿ; ತಡೆ ಬೇಕಾದದ್ದು ಇದಕ್ಕೇ.

ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಮಣ್ಣು ಹದವಾದಾಗ ಗಡಿಯುದ್ದಕ್ಕೂ ಎರಡೂವರೆ ಅಡಿ ಆಳ ಅಗೆಸಿ. ನೀರಿನ ಪೈಪು, ಕೇಬಲ್ ಎಲ್ಲಿವೆಯೆಂದು ಮೊದಲೇ ಗುರುತು ಹಾಕಿಕೊಳ್ಳಿ. ಈ ಬಿದಿರಿನ ನೆಲದಡಿಯ ಕಾಂಡ ಬಹುಪಾಲು ಮೇಲಿನ ಒಂದೂವರೆ ಅಡಿಯಲ್ಲೇ ಹರಿಯುತ್ತದೆ. ನಿಮ್ಮ ಕಡೆ ಉಳಿದ ತುಂಡುಗಳನ್ನೆಲ್ಲ ಎಳೆದು ಬಿಸಿಲಿಗೆ ಹಾಕಿ. ಕಣ್ಣಿರುವ ಒಂದು ಗೆಣ್ಣು ಉಳಿದರೂ ಚಿಗುರುತ್ತದೆ. ಜೆಸಿಬಿಯವರು ಅದೇ ಮಣ್ಣನ್ನು ಪಾಯಕ್ಕೆ ತುಂಬದಂತೆ ಎದುರಿಗೇ ನಿಂತಿರಿ.

ಹಾಳೆ ಒಂದೂವರೆ ಮಿಲಿಮೀಟರ್ ದಪ್ಪದ ಎಚ್‌ಡಿಪಿಇ (ಒತ್ತೊತ್ತಾದ ಗಟ್ಟಿ ಪಾಲಿಥೀನ್) ಆಗಿರಲಿ. ಟಾರ್ಪಾಲಿನ್ ಬೇಡ, ಕಾಂಡದ ಚೂಪು ತುದಿ ಅದನ್ನು ತೂತು ಮಾಡುತ್ತದೆ. ಹಾಳೆಯ ಬುಡ ಬಿದಿರಿನ ಕಡೆಗೆ, ತಲೆ ನಿಮ್ಮ ಕಡೆಗೆ ತುಸು ವಾಲಿರಲಿ. ಆಗ ಬಂದು ತಾಗಿದ ಕಾಂಡ ಕೆಳಗೆ ಇಳಿಯದೆ ಮೇಲಕ್ಕೆ ತಿರುಗುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಜೋಡಣೆಯಲ್ಲಿ. ಎರಡು ಹಾಳೆಗಳನ್ನು ಒಂದಡಿಯಷ್ಟು ಒಂದರ ಮೇಲೊಂದು ತಂದು, ನಡುವೆ ಎರಡೂ ಬದಿ ಅಂಟುವ ಟೇಪು ಹಚ್ಚಿ, ಲೋಹದ ಪಟ್ಟಿಯಿಟ್ಟು ಸ್ಕ್ರೂ ಬಿಗಿಸಿ. ಕೂದಲೆಳೆಯ ಸಂದಿಯೂ ಅದಕ್ಕೆ ಬಾಗಿಲೇ. ಆಳದ ಮಣ್ಣನ್ನು ಚೆನ್ನಾಗಿ ದಮ್ಮಸು ಮಾಡಿ, ಮೇಲಿನದನ್ನು ಸಡಿಲ ಬಿಡಿ.

ಇಳಿಜಾರಿನ ನಿವೇಶನದಲ್ಲಿ ಈ ಹಾಳೆಯೇ ಮಳೆನೀರಿಗೆ ಒಡ್ಡಾಗುತ್ತದೆ. ಮೂಡಿಗೆರೆ ಕಡೆಯ ಮಳೆಗೆ ಮೇಲ್ಭಾಗದಲ್ಲಿ ಚರಂಡಿ ತೋಡದಿದ್ದರೆ ಪಾಯಕ್ಕೆ ತೇವ ತಪ್ಪಿದ್ದಲ್ಲ.

ಹಾಳೆಯ ಅಂಚು ನೆಲದಿಂದ ಎರಡು ಅಂಗುಲ ಮೇಲೆ ಕಾಣುತ್ತಿರಲಿ. ನೋಡಲು ಚೆಂದವಲ್ಲವೆಂದು ಗಾರೆಯವರು ಮಣ್ಣು ಮುಚ್ಚಲು ಬರುತ್ತಾರೆ, ಬಿಡಬೇಡಿ. ದೀಪಾವಳಿಯ ಹೊತ್ತಿಗೊಮ್ಮೆ, ಮುಂಗಾರಿಗೆ ಮೊದಲೊಮ್ಮೆ ಅಂಚಿನುದ್ದಕ್ಕೂ ನಡೆದು, ಮೇಲೆ ಹಾರಿ ಬಂದದ್ದನ್ನು ಕತ್ತಿಯಿಂದ ಕಡಿದು ಹಾಕಿ.