ಬೀದಿಯ ಗೋಡೆಯ ಮೇಲೆ ಮನೆಮನೆಯ ಗಿಡ

ಚಿಕ್ಕಮಗಳೂರಿನಲ್ಲಿ ಹೊರಗೋಡೆಗೆ ಚಿತ್ರ ಬರೆಯುವುದಾದರೆ ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ಮುಗಿಸಿಬಿಡಿ. ಮಾರ್ಚ್ ಬಂತೆಂದರೆ ಕಾಫಿ ಹೂ ಅರಳಿಸುವ ಹೂಮಳೆ ಯಾವ ಸಂಜೆ ಸುರಿಯುತ್ತದೋ ಹೇಳಲಾಗದು. ಗೋಡೆಯವರ ಒಪ್ಪಿಗೆ ಮೊದಲೇ ಬರೆಸಿಕೊಳ್ಳಿ. ಸರ್ಕಾರಿ ಗೋಡೆಯಾದರೆ ನಗರಸಭೆಯಲ್ಲಿ ಕೇಳಿ.

ಆಮೇಲೆ ಚಿತ್ರದ ಮಾತು. ಮೊಬೈಲ್‌ನಲ್ಲಿ ಸಿಗುವ ಸೂರ್ಯಕಾಂತಿ, ಟ್ಯುಲಿಪ್ ನಮಗೇಕೆ? ಮನೆಗೊಂದು ಎಲೆಯೋ ಹೂವೋ ತರಲು ಹೇಳಿ. ನಮ್ಮ ಬೀದಿಯಲ್ಲಿ ದಾಸವಾಳ, ಕನಕಾಂಬರ, ಕೆಸುವಿನ ಎಲೆ, ಮೆಣಸಿನ ಬಳ್ಳಿ ಬಂದವು. ಡೇರೆ (ಡಾಲಿಯಾ) ಹೂವಿನ ಕಾಲ ಮುಗಿದಿತ್ತು. ಒಬ್ಬ ಅಜ್ಜಿ ಮುಂದಿನ ಮಳೆಗಾಲಕ್ಕೆ ಎತ್ತಿಟ್ಟಿದ್ದ ಗೆಡ್ಡೆಯನ್ನೇ ಸೆರಗಲ್ಲಿ ಕಟ್ಟಿ ತಂದರು, ಮಣ್ಣಿನ ಸಮೇತ. ಗೋಡೆಯ ಬುಡದಲ್ಲಿ ಗೆಡ್ಡೆಯನ್ನೇ ಬರೆದೆವು.

ತಂದದ್ದನ್ನು ಕೈಯಲ್ಲಿ ಹಿಡಿದು ನೋಡಿ ಬರೆಯಿರಿ. ಕಾಫಿ ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ, ಅಂಚು ಅಲೆಅಲೆ. ಹೂ ಕೂರುವುದು ಎಲೆ ಹುಟ್ಟುವ ಗಿಣ್ಣಿನಲ್ಲಿ, ಗೊಂಚಲಾಗಿ. ಕಾಳುಮೆಣಸಿನ ಎಲೆ ಗಿಣ್ಣಿಗೊಂದೇ, ಅದರ ಎದುರಿಗೆ ಕಾಳಿನ ಗೊನೆ ಇಳಿಬೀಳುತ್ತದೆ. ಇದು ತಪ್ಪಿದರೆ ತೋಟದ ಕೆಲಸದವರು ರಸ್ತೆಯ ಆಚೆಯಿಂದಲೇ ಹೇಳಿಬಿಡುತ್ತಾರೆ.

ಈಗ ಗೋಡೆ. ಇಲ್ಲಿ ಅವಸರ ಬೇಡವೇ ಬೇಡ. ತಂತಿ ಬ್ರಷ್‌ನಿಂದ ಪಾಚಿ ಕೆರೆದು, ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ತೊಳೆದು, ಮತ್ತೆ ಬರೀ ನೀರು ಹಾಕಿ ಒಣಗಲು ಬಿಡಿ. ಹೊಸ ಗಾರೆಯಾದರೆ 28 ದಿನ ಮುಟ್ಟಬೇಡಿ. ಒಣಗಿದೆಯೋ ಇಲ್ಲವೋ ತಿಳಿಯಲು ಒಂದಡಿ ಪ್ಲಾಸ್ಟಿಕ್ ಹಾಳೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಮಾರನೇ ದಿನ ಒಳಗೆ ಹನಿ ಕಂಡರೆ ಇನ್ನೂ ತೇವ ಇದೆ ಎಂದರ್ಥ. ನಮ್ಮ ಮೊದಲ ಗೋಡೆಗೆ ಇದನ್ನು ಮಾಡಲಿಲ್ಲ. ಮೊದಲ ಮಳೆಗಾಲಕ್ಕೇ ಇಡೀ ದಾಸವಾಳ ಗುಳ್ಳೆ ಎದ್ದು ಸಿಪ್ಪೆಸಿಪ್ಪೆಯಾಗಿ ಉದುರಿತು. ಬರೆದ ಮಕ್ಕಳ ಮುಖ ನೋಡಲಾಗಲಿಲ್ಲ.

ಒಣಗಿದ ಮೇಲೆ ತಳಪದರವಾಗಿ ಹೊರಗೋಡೆಯ ಪ್ರೈಮರ್, ಅದರ ಮೇಲೆ ಹೊರಗೋಡೆಯ ಎಮಲ್ಷನ್ ಬಣ್ಣ. ಡಿಸ್ಟೆಂಪರ್ ಮಳೆಗೆ ನಿಲ್ಲುವುದಿಲ್ಲ.

ಚಿತ್ರ ದೊಡ್ಡದು ಮಾಡಲು ಕಾಗದದಲ್ಲಿ ಒಂದಿಂಚಿನ ಚೌಕ, ಗೋಡೆಯಲ್ಲಿ ಒಂದಡಿಯ ಚೌಕ. ದಾರಕ್ಕೆ ರಂಗೋಲಿ ಬಣ್ಣ ಸವರಿ, ಇಬ್ಬರು ಬಿಗಿಹಿಡಿದು ಮೀಟಿದರೆ ನೆಟ್ಟಗೆ ಗೆರೆ ಬೀಳುತ್ತದೆ. ಚುಕ್ಕಿ ರಂಗೋಲಿ ಹಾಕುವ ಹೆಂಗಸರನ್ನು ಈ ಕೆಲಸಕ್ಕೆ ಮುಂದೆ ಬಿಡಿ. ಚೌಕ ನೋಡಿ ಬಳ್ಳಿ ಎಳೆಯುವುದು ಅವರ ಕೈಗೆ ಬಂದದ್ದೇ ಅಲ್ವಾ? ಗೆರೆ ಮುಗಿದ ಮೇಲೆ ಪ್ರತಿ ಎಲೆಯೊಳಗೂ ಬಣ್ಣದ ನಂಬರ್ ಬರೆದರೆ ಯಾರು ಬೇಕಾದರೂ ತುಂಬಬಹುದು. ಮೇಲಿನಿಂದ ಕೆಳಗೆ ಬನ್ನಿ, ಸೋರಿದ್ದು ಮುಗಿದ ಭಾಗ ಕೆಡಿಸುವುದಿಲ್ಲ. ಕೆಳಗಿನ ಮೂರಡಿ ಮಕ್ಕಳಿಗೆ.

ಹಸಿರು ಒಂದೇ ಡಬ್ಬಿ ಸಾಕು. ಚಿಗುರಿಗೆ ಹಳದಿ ಜಾಸ್ತಿ ಬೆರೆಸಿ, ಬಲಿತ ಎಲೆಗೆ ಚೂರು ನೀಲಿ. ಬೆರೆಸಿದ್ದರಲ್ಲಿ ಉಳಿದದ್ದನ್ನು ಗಾಜಿನ ಬಾಟಲಿಗೆ ತುಂಬಿ, ಮುಚ್ಚಳದ ಮೇಲೆ ನಂಬರ್ ಬರೆದಿಡಿ. ದೀಪಾವಳಿ ಹೊತ್ತಿಗೆ, ಮಳೆಗೆ ಕಿತ್ತುಬಂದ ಜಾಗಕ್ಕೆ ಹಚ್ಚಲು ಬೇಕಾಗುತ್ತದೆ.